ಮೋಟಾರಿನ ಮೈಕಟ್ಟು

ಹಳೆಯ ಮೋಟಾರು ಕಾರನ್ನು ನೋಡಬಂದವರು ಮೊದಲು ಕೇಳುವುದು ಅದರ ಎಂಜಿನ್ನಿನ ಸುದ್ದಿಯನ್ನು. ಎಷ್ಟು ಸಿಲಿಂಡರು, ಎಷ್ಟು ಕುದುರೆಬಲ, ಗ್ಯಾಲನ್ನಿಗೆ ಎಷ್ಟು ಮೈಲು ಎಂದು ವಿಚಾರಿಸಿ, ಮುಂದಿನ ದೀಪಗಳ ಮೇಲೆ ಒಮ್ಮೆ ಕೈಯಾಡಿಸಿ, ಪಕ್ಕದಲ್ಲಿ ನಿಂತು ಪಟ ತೆಗೆಸಿಕೊಂಡು ಹೊರಟುಬಿಡುತ್ತಾರೆ. ತಾವು ಕೈಯಾಡಿಸಿದ ಆ ಮೈಯನ್ನು ಕಟ್ಟಿದವರು ಯಾರು, ಹೊಳೆಯುವ ಆ ತಗಡಿನ ಒಳಗೆ ಏನಿದೆ ಎಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ. ಮೂವತ್ತೊಂದು ವರುಷ ಬಸ್ಸುಗಳಿಗೆ ಬಾಡಿ ಕಟ್ಟುವ ಕೆಲಸದಲ್ಲಿ ಕಳೆದು ನಿವೃತ್ತನಾದ ನನಗೆ ಇದೊಂದು ಸಣ್ಣ ಕೊರಗು. ಎಂಜಿನ್ನು ಗಾಡಿಯನ್ನು ಓಡಿಸುತ್ತದೆ, ನಿಜ. ಆದರೆ ಮನುಷ್ಯನು ಕುಳಿತುಕೊಳ್ಳುವುದು ಎಂಜಿನ್ನಿನ ಮೇಲಲ್ಲವಲ್ಲ!

ಈ ಕೊರಗನ್ನು ಬಲ್ಲ ಗೆಳೆಯರೊಬ್ಬರು ಕಳೆದ ಮಾಘಮಾಸದಲ್ಲಿ ನನ್ನನ್ನು ಕುಂದಗೋಳ ತಾಲೂಕಿನ ಒಂದು ಹಳ್ಳಿಗೆ ಕರೆದೊಯ್ದರು. ಅಲ್ಲಿಯ ಹಳೆಯ ವಾಡೆಯೊಂದರಲ್ಲಿ 1930ರ ದಶಕದ ಭಾರೀ ಇಂಗ್ಲಿಷ್ ಕಾರೊಂದಿದೆ. ಮನೆಯವರ ಇಚ್ಛೆಯಂತೆ ಕಾರಿನ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಕುಂದಗೋಳವು ಹಿಂದೆ ಜಮಖಂಡಿಯ ಪಟವರ್ಧನ ಸಂಸ್ಥಾನಕ್ಕೆ ಸೇರಿತ್ತೆಂಬುದು ಓದುಗರಲ್ಲಿ ಹಿರಿಯರಿಗೆ ನೆನಪಿರಬಹುದು. 1948ರಲ್ಲಿ ಸಂಸ್ಥಾನಗಳು ವಿಲೀನವಾದ ಮೇಲೆ ಎಷ್ಟೋ ಅರಮನೆಗಳ ಮೋಟಾರುಗಳು ಕೈ ಬದಲಾಯಿಸಿದವು. ಅಂಥದೊಂದನ್ನು ಈ ಮನೆಯ ಹಿರಿಯರು ಮುಂಬಯಿಯಲ್ಲಿ ಕೊಂಡು ತಂದಿದ್ದರಂತೆ. ಅವರು ತೀರಿಕೊಂಡ ಮೇಲೆ ಅದು ಚಕ್ಕಡಿಗಳ ಪಕ್ಕದಲ್ಲಿ, ದನದ ಕೊಟ್ಟಿಗೆಯಲ್ಲಿ, ನಾಲ್ವತ್ತು ವರುಷಗಳ ಮೇಲೆ ನಿಂತಿತ್ತು. ಈಗ ಮೊಮ್ಮಗನ ಮದುವೆ. ನವದಂಪತಿಗಳ ಮೆರವಣಿಗೆ ಆ ಕಾರಿನಲ್ಲಿಯೇ ಆಗಬೇಕೆಂದು ಅಜ್ಜಿಯ ಆಸೆ. ಎಂಜಿನ್ನನ್ನು ಹುಬ್ಬಳ್ಳಿಯ ಮಿಸ್ತ್ರಿಗಳು ಸರಿಪಡಿಸಿದ್ದರು. ಮೈಕಟ್ಟನ್ನು ದಾರಿಯ ಮೇಲೆ ಪರೀಕ್ಷಿಸಿ, ಜನರನ್ನು ಕೂಡ್ರಿಸಲು ಯೋಗ್ಯವೋ ಅಲ್ಲವೋ ಎಂದು ಹೇಳುವುದು ನನ್ನ ಪಾಲಿನ ಕೆಲಸ.

ಪರೀಕ್ಷೆಯ ಮಾತಿಗೆ ಮೊದಲು ಮೈಕಟ್ಟಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕು. ಇಂದು ಕಾರೆಂದರೆ ಒಂದೇ ಕಾರಖಾನೆಯಿಂದ ಇಡಿಯಾಗಿ ಹೊರಬರುವ ಉಕ್ಕಿನ ಪೆಟ್ಟಿಗೆ. ಆ ಕಾಲದಲ್ಲಿ ಹಾಗಿರಲಿಲ್ಲ. ರೋಲ್ಸ್ ರಾಯ್ಸಿನಂಥ ಕಂಪನಿಗಳು ಮಾರುತ್ತಿದ್ದುದು ಚಾಸಿಯನ್ನು ಮಾತ್ರ. ಎಂದರೆ ಎಂಜಿನ್ನು, ಗಾಲಿ, ಉಕ್ಕಿನ ಎರಡು ತೊಲೆಗಳ ಚೌಕಟ್ಟು, ಅಷ್ಟೇ. ಕೊಂಡವರು ಅದನ್ನು ಕೋಚ್‌ಬಿಲ್ಡರರ ಅಂಗಡಿಗೆ ಕಳಿಸಿ ತಮಗೆ ಬೇಕಾದ ಮೈಯನ್ನು ಕಟ್ಟಿಸಿಕೊಳ್ಳುತ್ತಿದ್ದರು. ಈ ಕೋಚ್‌ಬಿಲ್ಡರರು ಮೂಲತಃ ಕುದುರೆಗಾಡಿಯ ಬಡಿಗರು. ಲಂಡನ್ನಿನ ಬಾರ್ಕರ್ ಎಂಬ ಮನೆತನದ ಅಂಗಡಿ 1710ರಷ್ಟು ಹಿಂದಿನದು. ನಮ್ಮ ಮದ್ರಾಸಿನ ಸಿಂಪ್ಸನ್ ಕಂಪನಿಯೂ 1840ರಲ್ಲಿ ಹುಟ್ಟಿದ್ದು ಮೋಟಾರಿಗಾಗಿ ಅಲ್ಲ, ಕುದುರೆಗಾಡಿಗಳಿಗಾಗಿ. ‘ಕೋಚ್’ ಎಂಬ ಶಬ್ದವಾದರೂ ಹಂಗೇರಿ ದೇಶದ ಕೋಚ್ ಎಂಬ ಹಳ್ಳಿಯಿಂದ ಬಂದದ್ದು. 15ನೆಯ ಶತಮಾನದಲ್ಲಿ ಅಲ್ಲಿಯ ಬಡಿಗರು ಕಟ್ಟಿದ ಹಗುರಾದ ಬಂಡಿ ಯುರೋಪಿನಲ್ಲೆಲ್ಲ ಹೆಸರಾಯಿತು. ಅರಸರ ಮೋಟಾರಿನ ಹೆಸರು ಒಂದು ಹಳ್ಳಿಯ ಗಾಡಿಯ ಹೆಸರು! ಇದನ್ನು ನೆನೆದಾಗಲೆಲ್ಲ ನನಗೆ ನಮ್ಮ ಊರ ಬಡಿಗನ ಕಟ್ಟೆ ಕಣ್ಣೆದುರು ಬರುತ್ತದೆ.

ಆ ಮೈಯ ಹೊರಗೆ ಅಲ್ಯೂಮಿನಿಯಮ್ಮಿನ ತಗಡು. ಒಳಗೆ ಕಟ್ಟಿಗೆಯ ಅಸ್ಥಿಪಂಜರ. ಇಂಗ್ಲೆಂಡಿನಲ್ಲಿ ಆಶ್ ಎಂಬ ಮರವನ್ನು ಬಳಸುತ್ತಿದ್ದರು. ಅದು ಬಾಗುತ್ತದೆ, ಪೆಟ್ಟು ತಡೆಯುತ್ತದೆ, ಬೇಗ ಸೀಳುವುದಿಲ್ಲ. ಕಟ್ಟಿಗೆಯೇ ಏಕೆ ಎಂದು ಕೇಳಬಹುದು. ಉಕ್ಕಿನ ಚಾಸಿಯು ನೋಡಲು ಎಷ್ಟು ಗಟ್ಟಿಯೆನಿಸಿದರೂ ಒಂದು ಗಾಲಿ ಗುಂಡಿಗೆ ಇಳಿದಾಗ ಒದ್ದೆಬಟ್ಟೆ ಹಿಂಡಿದಂತೆ ತುಸು ತಿರುಚಿಕೊಳ್ಳುತ್ತದೆ. ಮೇಲಿನ ಮೈಯೂ ಅದರೊಡನೆ ತಿರುಚಿ, ಮತ್ತೆ ತನ್ನ ಸ್ಥಾನಕ್ಕೆ ಮರಳಬೇಕು. ತೀರ ಬಿಗಿಯಾದರೆ ಎಲ್ಲಿಯೋ ಒಂದು ಕಡೆ ಬಿರಿಯುತ್ತದೆ, ಸಡಿಲಾದರೆ ಕಿರುಗುಟ್ಟುತ್ತದೆ. ಈ ಕಿರುಗುಟ್ಟುವಿಕೆಯ ಕಾಟ ತಾಳಲಾರದೆ ವೇಮನ್ ಎಂಬ ವಿಮಾನ ಹಾರಿಸುವವನೊಬ್ಬ 1920ರ ದಶಕದಲ್ಲಿ ಹೊಸ ಉಪಾಯ ಹೂಡಿದ. ಕಟ್ಟಿಗೆಗೆ ಕಟ್ಟಿಗೆ ತಾಗದಂತೆ ನಡುವೆ ಉಕ್ಕಿನ ಪಟ್ಟಿಗಳನ್ನು ಇಟ್ಟು ಜೋಡಿಸಿ, ಮೇಲೆ ತಗಡಿನ ಬದಲು ಬಟ್ಟೆ ಹೊದಿಸಿದ. ಸದ್ದಡಗಿತು, ಆದರೆ ಆ ಬಟ್ಟೆಯ ಮೈ ಬಹುಕಾಲ ಬಾಳಲಿಲ್ಲ.

ದಾರಿಯ ಮೇಲಿನ ಪರೀಕ್ಷೆಗೂ ದೊಡ್ಡ ಇತಿಹಾಸವಿದೆ. ರೋಲ್ಸ್ ರಾಯ್ಸಿನ ‘ಸಿಲ್ವರ್ ಘೋಸ್ಟ್’ ಕಾರು ಹೆಸರಾದದ್ದು 1907ರಲ್ಲಿ 14,371 ಮೈಲುಗಳನ್ನು ಕೆಟ್ಟುನಿಲ್ಲದೆ ಓಡಿ. ಅದರ ಮೈಯನ್ನು ಕಟ್ಟಿದವರು ಮೇಲೆ ಹೇಳಿದ ಬಾರ್ಕರರೇ. ಮರುವರ್ಷವೇ, 1908ರಲ್ಲಿ, ‘ಪರ್ಲ್ ಆಫ್ ದಿ ಈಸ್ಟ್’ ಎಂಬ ಅದೇ ಜಾತಿಯ ಕಾರೊಂದು ಮುಂಬಯಿ-ಕೊಲ್ಹಾಪುರ ಮಾರ್ಗದ ಪರೀಕ್ಷಾ ಓಟದಲ್ಲಿ 620 ಮೈಲು ಘಟ್ಟಗಳನ್ನು ಹತ್ತಿಳಿದು ಗೆದ್ದಿತು; ಬಳಿಕ ಗ್ವಾಲಿಯರಿನ ಮಹಾರಾಜರು ಅದನ್ನು ಕೊಂಡರು. ಕೊಲ್ಹಾಪುರ ನಮಗೆ ದೂರದ ಊರಲ್ಲ. ನಮ್ಮ ಸೀಮೆಯ ಬಾಗಿಲಿನವರೆಗೆ ಬಂದ ಆ ಓಟವನ್ನು ನಮ್ಮಲ್ಲಿ ನೆನೆಯುವವರೇ ಇಲ್ಲ.

ಇನ್ನು ವಾಡೆಯ ಕಾರಿಗೆ ಬರೋಣ. ಕೊಟ್ಟಿಗೆಯಲ್ಲಿದ್ದಾಗ ಅದರ ತಗಡಿಗೆ ಹೆಚ್ಚಿನ ಹಾನಿಯಾಗಿರಲಿಲ್ಲ. ಆದರೆ ಒರಲಿಗೆ ಇಂಗ್ಲಿಷ್ ಮರವೆಂಬ ಭೇದವಿಲ್ಲ. ಬಾಗಿಲನ್ನು ತಟ್ಟಿದರೆ ಕೆಳಗಿನ ಸಂದಿಯಿಂದ ರವೆಯಂಥ ಪುಡಿ ಸುರಿಯುತ್ತಿತ್ತಂತೆ. ಪೇಟೆಯ ಗ್ಯಾರೇಜೊಂದರವರು ಚೌಕ ಕೊಳವೆಗಳನ್ನು ಬೆಸೆದು ಹದಿನೈದು ದಿನಗಳಲ್ಲಿ ಹೊಸ ಪಂಜರ ಮಾಡಿಕೊಡುತ್ತೇವೆಂದರು. ಮನೆಯವರು ಒಪ್ಪುವುದರಲ್ಲಿದ್ದರು. ಆಗ ವಾಡೆಯ ಚಕ್ಕಡಿಗಳನ್ನು ತಲೆಮಾರುಗಳಿಂದ ಮಾಡಿಕೊಡುತ್ತ ಬಂದ ಮನೆತನದ ಬಡಿಗೇರ ಅಜ್ಜ ಬಂದು, ಮುಚ್ಚಿದ ಬಾಗಿಲೊಂದನ್ನು ತೆರೆಯಿಸಿ, ಒಳಗಿನ ಪುಡಿಯನ್ನು ಬೆರಳಿನಿಂದ ತಿಕ್ಕಿ ನೋಡಿ, “ಕಬ್ಬಿಣ ಹಾಕಿದ್ರ ಇದು ಬಾಗಂಗಿಲ್ರಿ ಧಣ್ಯಾರ, ಬಿರಿತೈತಿ. ನನಗ ಬಿಡ್ರಿ” ಎಂದನಂತೆ. ಉಕ್ಕಿಗೆ ಅಲ್ಯೂಮಿನಿಯಮ್ಮು ತಾಗಿ ತೇವ ಹಿಡಿದರೆ ತಗಡು ತಿಂದುಹೋಗುತ್ತದೆಂಬ ರಸಾಯನಶಾಸ್ತ್ರ ಅಜ್ಜನಿಗೆ ಗೊತ್ತಿರಲಿಲ್ಲ. ಗೊತ್ತಿದ್ದುದು ಚಕ್ಕಡಿ. ಅಷ್ಟು ಸಾಕಾಗಿತ್ತು.

ಎಂಬತ್ತರ ಸಮೀಪದ ಆತ ಚಿಕ್ಕಂದಿನಲ್ಲಿ ಕೆಲಸ ಕಲಿತದ್ದು ಕಲಘಟಗಿಯಲ್ಲಿ, ತೊಟ್ಟಿಲು ಮಾಡುವವರ ಕೈಕೆಳಗೆ. ಸಾಗವಾನಿಯ ಹಲಗೆಗೆ ಅರಗಿನ ಬಣ್ಣವೇರಿಸಿ ರಾಮಾಯಣ ಮಹಾಭಾರತಗಳ ಚಿತ್ರ ಬರೆದ ಕಲಘಟಗಿ ತೊಟ್ಟಿಲನ್ನು ಕಾಣದವರು ಧಾರವಾಡ ಸೀಮೆಯಲ್ಲಿ ಯಾರಿದ್ದಾರೆ? ತೊಟ್ಟಿಲಿನಿಂದ ಸಾಗವಾನಿಯ ನಯವನ್ನೂ ಚಕ್ಕಡಿಯಿಂದ ಜಾಲಿಯ ಗಟ್ಟಿತನವನ್ನೂ ಕಲಿತ ಆ ಕೈ ಕಾರಿಗೆ ಎರಡನ್ನೂ ಬಳಸಿತು. ಕಂಬಗಳಿಗೆ, ಬಾಗಿಲ ಚೌಕಟ್ಟುಗಳಿಗೆ ಸಾಗವಾನಿ. ಬಾಗಿಲುಗಳ ಕೆಳಗೆ ಉದ್ದಕ್ಕೆ ಓಡುವ, ಪೆಟ್ಟೆಲ್ಲ ಮೊದಲು ಬೀಳುವ ಅಡಿತೊಲೆಗಳಿಗೆ ಕರಿಜಾಲಿ. ಚಾಸಿಗೂ ಅಡಿತೊಲೆಗೂ ನಡುವೆ, ಬೋಲ್ಟು ಕೂಡುವಲ್ಲೆಲ್ಲ, ಎಣ್ಣೆಯಲ್ಲಿ ನೆನೆಸಿದ ತೊಗಲಿನ ತುಂಡುಗಳು. ವೇಮನ್ನನ ಹೆಸರನ್ನೇ ಕೇಳದ ಅಜ್ಜ ಅವನಷ್ಟೇ ದೂರ ವಿಚಾರ ಮಾಡಿದ್ದ. ಒಂದೂವರೆ ವರುಷ ಹಿಡಿದ ಈ ಕೆಲಸದಲ್ಲಿ ಜೊತೆಗಿದ್ದವನು ಹುಬ್ಬಳ್ಳಿಯಲ್ಲಿ ಓದುವ ಅವನ ಮೊಮ್ಮಗ. ಅದೂ ರಜೆಯ ದಿನಗಳಲ್ಲಿ ಮಾತ್ರ. ಮಗ ಎಂದೋ ಬಾಚಿ ಉಳಿಗಳನ್ನು ಬಿಟ್ಟು ಕಾರಖಾನೆ ಸೇರಿದ್ದಾನೆ. ಟ್ರ್ಯಾಕ್ಟರು ಬಂದ ಮೇಲೆ ಹೊಸ ಚಕ್ಕಡಿ ಮಾಡಿಸುವವರು ಯಾರು?

ಪರೀಕ್ಷೆಯನ್ನು ನಿಂತಲ್ಲಿಂದಲೇ ಆರಂಭಿಸಿದೆ. ಬಾಗಿಲಿನ ಅಂಚಿಗೆ ಸೀಮೆಸುಣ್ಣ ಬಳಿದು ಮುಚ್ಚಿ ತೆರೆದರೆ, ಎದುರಿನ ಚೌಕಟ್ಟಿನಲ್ಲಿ ಗುರುತು ಮೂಡಿದ ಕಡೆ ತಾಗುತ್ತದೆ, ಮೂಡದ ಕಡೆ ಸಂದಿಯಿದೆ ಎಂದರ್ಥ. ಕಾಗದದ ಚೂರನ್ನು ಸಿಕ್ಕಿಸಿ ಎಳೆದರೆ ಎಲ್ಲ ಕಡೆಗೂ ಒಂದೇ ಹಿಡಿತವಿರಬೇಕು. ಬಳಿಕ ಎಡ ಮುಂಗಾಲಿಯನ್ನೂ ಬಲ ಹಿಂಗಾಲಿಯನ್ನೂ ಗೇಣೆತ್ತರದ ತುಂಡುಗಳ ಮೇಲೆ ಹತ್ತಿಸಿ, ಮೈ ತಿರುಚಿಕೊಂಡಿರುವಾಗಲೇ ನಾಲ್ಕು ಬಾಗಿಲುಗಳನ್ನೂ ತೆರೆದು ಮುಚ್ಚಿದೆ. ಒಂದೂ ಹಿಡಿಯಲಿಲ್ಲ. ಹೆಣ್ಣುಮಕ್ಕಳು ಕೊಡಗಟ್ಟಲೆ ನೀರು ತಂದು ಮಾಳಿಗೆಯ ಮೇಲೆ ಸುರಿದರು. ಒಳಗೆ ಹನಿ ಬೀಳಲಿಲ್ಲ. ಅಜ್ಜ ದೂರದಲ್ಲಿ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಇತ್ತ ತಿರುಗಿಯೂ ನೋಡಲಿಲ್ಲ.

ಮರುದಿನ ಬೆಳಗಿನ ತಂಪಿನಲ್ಲಿ ದಾರಿ ಹಿಡಿದೆವು. ಚಕ್ರ ಹಿಡಿದವನು ಮದುವಣಿಗ, ಪಕ್ಕದಲ್ಲಿ ನಾನು, ಹಿಂದೆ ಅಜ್ಜ ಮತ್ತು ಮೊಮ್ಮಗ. ನಮ್ಮ ಎರೆಯ ನೆಲದ ಸ್ವಭಾವವನ್ನು ಓದುಗರಿಗೆ ಹೇಳಬೇಕಾಗಿಲ್ಲ. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ ಬಿರಿಯುವ ಈ ಮಣ್ಣಿನ ಮೇಲೆ ಎಂಥ ರಸ್ತೆ ಮಾಡಿದರೂ ನಾಲ್ಕು ವರುಷಕ್ಕೆ ತೆರೆತೆರೆಯಾಗುತ್ತದೆ. ಮೈಕಟ್ಟಿನ ಪರೀಕ್ಷೆಗೆ ಇದಕ್ಕಿಂತ ಉತ್ತಮ ದಾರಿ ಬೇರೆಲ್ಲಿ ಸಿಕ್ಕೀತು? ಜೋಳ ಕಡಲೆಗಳ ಹೊಲಗಳ ನಡುವೆ ಹಾದು ಹೆದ್ದಾರಿ ಸೇರಿ ಅಣ್ಣಿಗೇರಿ ತಲುಪುವವರೆಗೆ ಕಾರು ಪಲ್ಲಕ್ಕಿಯಂತೆ ಬಂತು. ಸ್ಪ್ರಿಂಗಿನ ಮಾತು, ಗಾಳಿಯ ಮಾತು, ಗಾಜಿನ ಸಣ್ಣ ನಡುಕ, ಇವೆಲ್ಲ ಸಹಜ. ಕಟ್ಟಿಗೆ ಮಾತ್ರ ಮೌನವಾಗಿತ್ತು. ಪಂಪನ ಊರೆಂದು ಹೆಮ್ಮೆಪಡುವ ಆ ಊರಿನಲ್ಲಿ, ಅಮೃತೇಶ್ವರನ ಗುಡಿಗೆ ಹೊರಗಿನಿಂದಲೇ ಕೈಮುಗಿದು, ನವಲಗುಂದದ ದಾರಿಗೆ ತಿರುಗಿದೆವು.

ಸದ್ದು ಕೇಳಿಸಿದ್ದು ಅಲ್ಲಿ. ತೆರೆತೆರೆಯಾದ ಒಂದು ಭಾಗದಲ್ಲಿ, ಗಂಟೆಗೆ ನಾಲ್ವತ್ತು ಕಿಲೋಮೀಟರಿನ ವೇಗದಲ್ಲಿ, ನನ್ನ ಎಡಕ್ಕೆ ಹಿಂದಿನಿಂದ ‘ಚಿಕ್’ ಎಂದು ಒಣಗಿದ, ಸಣ್ಣ ಸದ್ದು. ತಗಡಿನ ಸದ್ದು ತೆಳ್ಳಗೆ ಎಳೆಯುತ್ತದೆ, ಗಾಜಿನದು ನಡುಗುತ್ತದೆ, ಕೀಲಿನದು ಪ್ರತಿ ಕುಲುಕಿಗೂ ಒಂದೇ ತೆರನಾಗಿರುತ್ತದೆ. ಇದು ಯಾವುದೂ ಅಲ್ಲ. ಕಟ್ಟಿಗೆಯ ಮೇಲೆ ಕಟ್ಟಿಗೆ ಜಾರಿದ ಸದ್ದು. ಮದುವಣಿಗನಿಗೆ ಕೇಳಿಸಲಿಲ್ಲ. ನಾನು ಹಿಂದಿರುಗಿ ನೋಡಿದೆ. ಅಜ್ಜ ಕಿಟಕಿಯ ಹೊರಗೆ ನೋಡುತ್ತಿದ್ದ. ಅವನ ಅಂಗೈ ಮಾತ್ರ ಎಡಗಡೆಯ ಹಿಂದಿನ ಕಂಬದ ಮೇಲೆ ಒತ್ತಿಕೊಂಡಿತ್ತು.

ನವಲಗುಂದದಲ್ಲಿ ಚಹದ ಅಂಗಡಿಯ ಮುಂದೆ ನಿಂತೆವು. ನಾನು ಹೊರಡುವ ಮುನ್ನ ಬಾಗಿಲುಗಳ ಒಳಅಂಚಿಗೆ ಬಿಳಿಯ ಪಂಚೆಯ ಪಟ್ಟಿಗಳನ್ನು ಅಂಟಿಸಿದ್ದೆ. ಓಡುವ ಗಾಡಿ ತನ್ನ ಹಿಂಭಾಗದ ಸಂದುಗಳಿಂದ ಧೂಳನ್ನು ಒಳಗೆ ಎಳೆದುಕೊಳ್ಳುತ್ತದೆ. ಎಲ್ಲಿ ಸಂದಿಯಿದೆಯೋ ಅಲ್ಲಿ ಬಟ್ಟೆ ಸಾಕ್ಷಿ ಹೇಳುತ್ತದೆ. ಮೂರು ಪಟ್ಟಿಗಳು ಶುಭ್ರವಾಗಿದ್ದವು. ನಾಲ್ಕನೆಯದರ ಬುಡದಲ್ಲಿ, ನಾಲ್ಕು ಬೆರಳಗಲದಷ್ಟು, ಎರೆಯ ಧೂಳಿನ ಕಪ್ಪು ಗೆರೆ.

“ಏನ್ರಿ ಸರ, ಪಾಸ್ ಆತಲ್ರಿ?” ಎಂದು ಮದುವಣಿಗ ನಗುತ್ತ ಕೇಳಿದ. ಮದುವೆಗೆ ಉಳಿದದ್ದು ಹತ್ತು ದಿನ.

ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿ ನಡೆದದ್ದನ್ನು ಮುಚ್ಚಿಡಲಾರೆ. ಅಗಸೆಯಿಂದ ವಾಡೆಯವರೆಗಿನ ಮೆರವಣಿಗೆ ಎರಡು ಕಿಲೋಮೀಟರು ಸಹ ಇಲ್ಲ. ನಡಿಗೆಯ ವೇಗ. ಅಷ್ಟಕ್ಕೆ ಆ ಕಂಬ ಏನೂ ಆಗದು. ಅಜ್ಜಿಯ ಆಸೆ, ಊರ ಸಂಭ್ರಮ, ಎಲ್ಲಕ್ಕಿಂತ ಮಿಗಿಲಾಗಿ ಆ ಮುದುಕನ ಒಂದೂವರೆ ವರುಷದ ದುಡಿಮೆ. ಒಂದು ‘ಚಿಕ್’ ಸದ್ದಿಗಾಗಿ ಅದನ್ನು ಊರ ಮುಂದೆ ತಪ್ಪೆಂದು ಹೇಳುವುದೇ? ಆದರೆ ನನ್ನ ನೌಕರಿಯ ಮೂರನೆಯ ವರುಷದಲ್ಲಿ ಇಂಥದೇ ಒಂದು ಸದ್ದನ್ನು ಕೇಳಿಯೂ ಕೇಳದವನಂತೆ ನಾನು ಸಹಿ ಮಾಡಿದ್ದೆ. ಅಂದು ಸಂಜೆಯೇ ಗಾಡಿ ಹೊರಡಬೇಕಾಗಿತ್ತು. ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ನನಗೇ ಒಳ್ಳೆಯವನೆನಿಸಿಕೊಳ್ಳುವ ಆತುರ. ನಾಲ್ಕು ತಿಂಗಳಿಗೆ ಕಿಟಕಿಯ ಕಂಬ ಸಡಿಲಿ ಗಾಜು ಕಳಚಿ, ಒಬ್ಬ ಶಾಲೆಯ ಹುಡುಗನ ತೋಳಿಗೆ ಹನ್ನೊಂದು ಹೊಲಿಗೆ ಬಿದ್ದವು. ಹುಡುಗ ಉಳಿದ. ಆ ಹನ್ನೊಂದು ಹೊಲಿಗೆಗಳ ಲೆಕ್ಕ ಇಂದಿಗೂ ನನ್ನ ಹತ್ತಿರವೇ ಇದೆ.

“ಕಾಕಾ,” ಎಂದು ಅಜ್ಜನ ಕಡೆ ತಿರುಗಿ ಹೇಳಿದೆ, “ಎಡಗಡಿ ಹಿಂದಿನ ಕಂಬ ಮಾತಾಡಾಕತ್ತೈತ್ರಿ.”

ಅಜ್ಜ ಚಹದ ಕಪ್ಪನ್ನು ಕೆಳಗಿಟ್ಟ. “ಹೌದ್ರಿ ಸಾಹೇಬ್ರ,” ಎಂದ. ಮುಂದೆ ಊರು ಮುಟ್ಟುವವರೆಗೂ ಮಾತಿಲ್ಲ. ಮೊಮ್ಮಗ ನನ್ನನ್ನು ನೋಡಿದ ನೋಟದಲ್ಲಿ ಸ್ನೇಹವಿರಲಿಲ್ಲ. ಅದಕ್ಕಾಗಿ ಅವನನ್ನು ನಾನು ದೂರುವುದಿಲ್ಲ.

ವಾಡೆಯ ಮುಂದೆ ಇಳಿದವನೇ ಅಜ್ಜ ಎಂಜಿನ್ನನ್ನು ಬಂದು ಮಾಡಿಸಿ, “ಎತ್ತು ಹೂಡ್ರಿ” ಎಂದ. ಎಲ್ಲರೂ ಬೆರಗಾದರು. ಕಾರಿನ ಮುಂಭಾಗಕ್ಕೆ ಹಗ್ಗ ಬಿಗಿದು, ನೊಗಕ್ಕೆ ಕಟ್ಟಿ, ಒಂದು ಜೋಡಿ ಎತ್ತುಗಳಿಂದ ಅದನ್ನು ಹೊಲದ ದಾರಿಗೆ ಎಳೆಸಿದ. ಚಕ್ಕಡಿಯ ಹಳಿ ಕೊರೆದ ಆಳವಾದ ಗೀರುಗಳಲ್ಲಿ ಕಾರು ಆಮೆಯಂತೆ ಏಳುತ್ತ ಬೀಳುತ್ತ ಸಾಗಿತು. ಎಂಜಿನ್ನಿಲ್ಲ, ಗಾಳಿಯಿಲ್ಲ, ಎತ್ತುಗಳ ಗೊರಸಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. 1958ರಲ್ಲಿ ರೋಲ್ಸ್ ರಾಯ್ಸಿನ ಜಾಹೀರಾತೊಂದು, ಅರುವತ್ತು ಮೈಲಿನ ವೇಗದಲ್ಲಿಯೂ ತಮ್ಮ ಕಾರಿನೊಳಗೆ ಕೇಳಿಸುವ ದೊಡ್ಡ ಸದ್ದು ಗಡಿಯಾರದ್ದೆಂದು ಹೇಳಿ ಜಗತ್ಪ್ರಸಿದ್ಧವಾಯಿತು. ಆದರೆ ಅಷ್ಟು ನಿಶ್ಶಬ್ದದಲ್ಲಿ ಒಂದು ಮೈಕಟ್ಟನ್ನು ಪರೀಕ್ಷಿಸುವ ಉಪಾಯ ಮೂವತ್ತೊಂದು ವರುಷಗಳಲ್ಲಿ ನನಗೆ ಹೊಳೆದಿರಲಿಲ್ಲ. ಪ್ರತಿ ಸಂದೂ ತನ್ನ ಹೆಸರು ಹೇಳುವಂತಿತ್ತು. ಎಡಗಾಲಿ ಗೀರಿಗೆ ಇಳಿದಾಗಲೆಲ್ಲ ಸಾಗವಾನಿಯ ಕಂಬದ ಬುಡ ಜಾಲಿಯ ಅಡಿತೊಲೆಯ ಗುಳಿಯಲ್ಲಿ ಕೂದಲೆಳೆಯಷ್ಟು ಸರಿಯುತ್ತಿತ್ತು.

ಅಜ್ಜ ಕಿವಿಯನ್ನು ಕಂಬಕ್ಕೆ ಹಚ್ಚಿ ಕೇಳಿ, ಎತ್ತು ನಿಲ್ಲಿಸಿಸಿದ. “ಜಾಲಿ ಹಸಿ ಇತ್ರಿ,” ಎಂದ. “ಒಂದ ತೊಲಿ ಕಡಿಮಿ ಬಿತ್ತು. ಹ್ವಾದ ವರ್ಷ ಕಡದಿದ್ದು ತಂದ ಹಾಕಿದೆ. ಮದಿವಿ ಅವಸರ ಅಂತ ನನ್ನ ಮನಸಿಗೆ ನಾನ ಸುಳ್ಳ ಹೇಳಿಕೊಂಡೆ.” ಜಾಲಿಯನ್ನು ತಿಂಗಳುಗಟ್ಟಲೆ ಕೆರೆಯ ನೀರಿನಲ್ಲಿ ಮುಳುಗಿಸಿಟ್ಟು ರಸ ಬಿಡಿಸಿ, ಮತ್ತೆ ನೆರಳಿನಲ್ಲಿ ವರುಷಗಟ್ಟಲೆ ಒಣಗಿಸಬೇಕೆಂಬುದು ಗಾಡಿ ಮಾಡುವವರ ಮೊದಲ ಪಾಠ. ಚಳಿಗಾಲದ ಒಣಹವೆಗೆ ಆ ತೊಲೆ ಕುಗ್ಗಿ ಗುಳಿ ಸಡಿಲಾಗಿತ್ತು. ಒಂದು ಬೆಣೆ ಹೊಡೆದು ಮದುವೆ ಮುಗಿಸಬಹುದೆಂದು ಯಾರೋ ಅಂದರು. ಅಜ್ಜ ಅವರಿಗೆ ಉತ್ತರ ಕೊಡದೆ ಮೊಮ್ಮಗನನ್ನು ಕರೆದು, “ನಾಳೆ ತಗಡ ಬಿಚ್ಚೋಣು” ಎಂದ.

ಮದುವೆಯ ಮೆರವಣಿಗೆ ಬಾಡಿಗೆಯ ಕಾರಿನಲ್ಲಿ ಆಯಿತು. ಅಜ್ಜಿ ಎರಡು ದಿನ ಅಜ್ಜನೊಡನೆಯೂ ನನ್ನೊಡನೆಯೂ ಮಾತಾಡಲಿಲ್ಲವೆಂದು ಕೇಳಿದೆ. ಹೊಸ ತೊಲೆಗೆ ಒಣಗಿದ ಜಾಲಿ ಬೇಕಲ್ಲ? ಅದು ದೊರೆತದ್ದು ಅದೇ ಕೊಟ್ಟಿಗೆಯಲ್ಲಿ. ಗಾಲಿ ಮುರಿದು ಮೂಲೆಗೆ ಬಿದ್ದಿದ್ದ ಹಳೆಯ ಚಕ್ಕಡಿಯೊಂದರ ತೊಲೆಯನ್ನು, ತನ್ನ ತಂದೆ ಮಾಡಿದ್ದೆಂದು ಅಜ್ಜ ಗುರುತಿಸಿದ. ಅರುವತ್ತು ವರುಷಗಳಿಗೂ ಮಿಕ್ಕಿ ಬಿಸಿಲು ಮಳೆ ಉಂಡ ಆ ಕಟ್ಟಿಗೆಗೆ ಇನ್ನು ಕುಗ್ಗುವುದೇನೂ ಉಳಿದಿರಲಿಲ್ಲ. ಉಳಿ ತಾಗಿದರೆ ಕಬ್ಬಿಣದಂತೆ ಕಣಿಲೆನ್ನುತ್ತಿತ್ತು ಎಂದು ಮೊಮ್ಮಗ ಆಮೇಲೆ ನನಗೆ ಹೇಳಿದ. ಗುಳಿ ಕೊರೆದವನು ಅವನೇ. ಅಜ್ಜನ ಕೈ ನಡುಗುತ್ತಿದ್ದುದರಿಂದ ಅಜ್ಜ ಗೆರೆ ಎಳೆದುಕೊಟ್ಟ, ಅವನು ಕೊರೆದ.

ಮಿರಗದ ಮಳೆ ಬಿದ್ದು ಎರಡು ದಿನ ಬಿಸಿಲು ಕಾಯ್ದ ಮೇಲೆ ಮತ್ತೆ ನನ್ನನ್ನು ಕರೆಸಿದರು. ಬೇಸಿಗೆಗೆ ಕುಗ್ಗಿದ್ದು ಮಳೆಗೆ ಉಬ್ಬುತ್ತದೆ. ಎರಡೂ ಕಾಲಕ್ಕೆ ಹೊಂದಿದರೆ ಮಾತ್ರ ಅದು ಕೂಡಿದ್ದೆಂದು ಅಜ್ಜನ ಮತ. ಅದೇ ದಾರಿ, ಅದೇ ನಾಲ್ವರು. ಅಣ್ಣಿಗೇರಿ ದಾಟಿ ಆ ತೆರೆತೆರೆಯ ಭಾಗ ಬಂದಾಗ ನಾನು ಉಸಿರು ಹಿಡಿದು ಕುಳಿತೆ. ಚಾಸಿ ತಿರುಚಿತು, ಮರಳಿತು. ಸ್ಪ್ರಿಂಗು ಮಾತಾಡಿತು, ಗಾಜು ನಡುಗಿತು. ಕಂಬ ಸುಮ್ಮನಿತ್ತು. ನವಲಗುಂದದಲ್ಲಿ ನಾಲ್ಕು ಪಟ್ಟಿಗಳನ್ನೂ ಬಿಚ್ಚಿ ಮೊಮ್ಮಗನ ಕೈಗೆ ಕೊಟ್ಟೆ. ಅವನು ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡಿ, ಮಡಚಿ ಕಿಸೆಗೆ ಹಾಕಿಕೊಂಡ.

ವಿಲಾಯತಿಯ ಕೋಚ್‌ಬಿಲ್ಡರರ ಕಥೆ ಮುಗಿದುಹೋಗಿದೆ. ಕಾರಖಾನೆಗಳು ತಾವೇ ಉಕ್ಕಿನ ಮೈಯನ್ನು ಒತ್ತತೊಡಗಿದ ಮೇಲೆ ಒಂದೊಂದಾಗಿ ಆ ಅಂಗಡಿಗಳು ಮುಚ್ಚಿದವು. 1710ರ ಬಾರ್ಕರರನ್ನು 1938ರಲ್ಲಿ ಹೂಪರ್ ಕಂಪನಿ ಕೊಂಡಿತು. ಆ ಹೂಪರರೂ 1959ರಲ್ಲಿ ಮೈ ಕಟ್ಟುವುದನ್ನು ನಿಲ್ಲಿಸಿದರು. ಅವರ ಕೈಕೆಲಸವನ್ನು ಕಾಣಬೇಕೆಂದರೆ ಇಂದು ನಾವು ಧರ್ಮಸ್ಥಳದ ಮಂಜೂಷಾದಂಥ ಸಂಗ್ರಹಾಲಯಗಳಿಗೆ ಹೋಗಿ, ಹಗ್ಗದ ಈಚೆ ನಿಂತು ನೋಡಬೇಕು. ಉಳಿಸಿದವರಿಗೆ ನಾವು ಋಣಿಗಳು. ಆದರೆ ನಿಂತ ಗಾಡಿ ತನ್ನ ಕಟ್ಟಿದವನ ವಿಷಯವಾಗಿ ಅರ್ಧವನ್ನೇ ಹೇಳುತ್ತದೆ. ಉಳಿದರ್ಧವನ್ನು ಹೇಳಬೇಕಾದರೆ ಅದು ಕೆಟ್ಟ ದಾರಿಯ ಮೇಲೆ ಓಡಬೇಕು, ಪಕ್ಕದಲ್ಲಿ ಕಟ್ಟಿದವನೇ ಕುಳಿತಿರಬೇಕು.

ಅಂದು ಸಂಜೆ ವಾಡೆಯಿಂದ ಹೊರಡುವಾಗ ಅಜ್ಜನ ಕಟ್ಟೆಗೆ ಹೋಗಿ ಕೈಮುಗಿದೆ. ಎಲೆ ಅಡಿಕೆಯ ಚೀಲವನ್ನು ನನ್ನ ಮುಂದಿಟ್ಟು, “ಆವತ್ತ ನೀವು ಹೇಳದಿದ್ರ ನಾನ ಹೇಳತಿದ್ದೆ ಏನ್ ಇಲ್ಲೋ, ದೇವರಿಗೇ ಗೊತ್ರಿ ಸಾಹೇಬ್ರ” ಎಂದ. ನನ್ನ ಹನ್ನೊಂದು ಹೊಲಿಗೆಗಳ ಕಥೆಯನ್ನು ನಾನು ಅವನಿಗೆ ಹೇಳಿದೆ. ಬಹಳ ಹೊತ್ತು ಇಬ್ಬರೂ ಸುಮ್ಮನೆ ಕುಳಿತಿದ್ದೆವು. ಒಳಗೆ ಮೊಮ್ಮಗ ಹಳೆಯ ಚಕ್ಕಡಿಯಲ್ಲಿ ಮಿಕ್ಕ ತೊಲೆಯನ್ನು ಅಳೆಯುತ್ತಿದ್ದ. ಇನ್ನೊಂದು ಬದಿಯ ಅಡಿತೊಲೆಯನ್ನೂ ಅದರಲ್ಲಿಯೇ ಮಾಡಬೇಕಂತೆ. ದೀಪಾವಳಿಯ ರಜೆಗೆ ಬರುತ್ತೇನೆಂದು ಹೇಳಿದ್ದಾನೆ.